ಎಲ್ಲ ಸ್ಟೇಷನ್ನಲ್ಲೂ ನಿಲ್ಲುವ ರೈಲು

ನಾನಿರೋ ಫ್ರಾಂಕ್‌ಫರ್ಟಿನಿಂದ ಕೊಲೋನಿಗೆ ರೈಲಲ್ಲಿ ಹೋಗೋಕೆ ಎರಡು ದಾರಿ. ಒಂದು, 2002ರಲ್ಲಿ ಶುರುವಾದ ಹೈಸ್ಪೀಡ್ ಹಳಿ. ಗಂಟೆಗೆ 300 ಕಿಲೋಮೀಟರ್ ವೇಗ, ಸುರಂಗದ ಮೇಲೆ ಸುರಂಗ, ಮಧ್ಯೆ ಹೆದ್ದಾರಿಯ ದರ್ಶನ. ಇನ್ನೊಂದು, ರೈನ್ ನದಿಯ ದಂಡೆಗೆ ಅಂಟಿಕೊಂಡು ಹೋಗುವ ಹಳೇ ಹಳಿ. ಅಲ್ಲಿ ಓಡೋ ಪ್ಯಾಸೆಂಜರ್ ಗಾಡಿ ಸಣ್ಣಪುಟ್ಟ ಊರಲ್ಲೆಲ್ಲ ನಿಲ್ಲುತ್ತೆ, ನಡುವೆ ಗಾಡಿ ಬೇರೆ ಬದಲಿಸಬೇಕು. ತಮಾಷೆ ಅಂದ್ರೆ, ಅದೇ 2002ರಲ್ಲಿ ಯುನೆಸ್ಕೋ ಈ ಕಣಿವೆಯನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಬೇಕಾದ ಜಾಗ ಅಂತ ಜಗತ್ತು ಒಪ್ಪಿಕೊಂಡ ವರ್ಷವೇ ಅದನ್ನ ನೋಡದೇ ಹೋಗೋ ದಾರಿಯೂ ತಯಾರಾಯ್ತು!

ನಾನು ಬಹಳ ವರ್ಷ ಮೊದಲನೇ ದಾರಿಯವನೇ. 2016ರಲ್ಲಿ ಅಪ್ಪ ಅಮ್ಮ ಸಾಗರದಿಂದ ಬಂದಾಗ ಹತ್ತು ದಿನದಲ್ಲಿ ಎಂಟು ಊರು ತೋರಿಸಿದ್ದೆ. ಅದಕ್ಕೊಂದು ಎಕ್ಸೆಲ್ ಶೀಟ್ ಬೇರೆ. ಬೆಳಗ್ಗೆ ಆರಕ್ಕೆ ಎಬ್ಬಿಸೋದು, ಓಡೋದು, ಫೋಟೋ ಹೊಡೆಯೋದು, ಮತ್ತೆ ಓಡೋದು. "ಬೇಗ ಬಾ ಅಪ್ಪಾ" ಅಂತ ಎಷ್ಟು ಸಲ ಅಂದಿದ್ದೆನೋ.

2019ರಲ್ಲಿ ಅಪ್ಪ ತೀರಿಕೊಂಡರು. ಈಗ ಆ ಫೋಟೋಗಳನ್ನ ತೆಗೆದು ನೋಡಿದರೆ ಎಲ್ಲದರಲ್ಲೂ ಹಿಂದೆ ಒಂದು ಗೋಪುರ, ಮುಂದೆ ಸುಸ್ತಾದ ಅಪ್ಪ. ಅಲ್ಲೆಲ್ಲ ಅವರು ಏನು ಮಾತಾಡಿದ್ದರು ಅಂತ ಒಂದೂ ನೆನಪಿಲ್ಲ ನನಗೆ.

ನೆನಪಿರೋದು ಒಂದೇ. ಗಾಡಿ ತಪ್ಪಿಹೋಗಿ, ಯಾವುದೋ ಸಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದು. ನಾನು ಸಿಡಿಮಿಡಿ ಅಂತಿದ್ದೆ. ಅಪ್ಪ ಆರಾಮಾಗಿ ಚಪಾತಿ ಚಟ್ನಿಪುಡಿ ತಿಂತಾ, ಎದುರಿಗೆ ಹೋದ ಗೂಡ್ಸ್ ಗಾಡಿಯ ಡಬ್ಬಿ ಎಣಿಸಿ "ಮೂವತ್ತೆಂಟು ಕಣೋ" ಅಂದಿದ್ದರು. ಅದರ ಫೋಟೋ ಇಲ್ಲ.

ಹಾಗಾಗಿ 2024ರಲ್ಲಿ ಅಮ್ಮ ಒಬ್ಬಳೇ ಬಂದಾಗ ಪಟ್ಟಿ ಮಾಡಲಿಲ್ಲ. 2023ರ ಮೇ ತಿಂಗಳಿಂದ ಇಲ್ಲಿ 'ಡಾಯ್ಚ್‌ಲಾಂಡ್ ಟಿಕೆಟ್' ಅಂತ ಬಂದಿದೆ. ತಿಂಗಳಿಗೊಮ್ಮೆ ದುಡ್ಡು ಕಟ್ಟಿದರೆ ದೇಶದ ತುಂಬಾ ಲೋಕಲ್ ರೈಲು, ಬಸ್ಸಲ್ಲಿ ಓಡಾಡಬಹುದು. ವೇಗದ ರೈಲಿಗೆ ಮಾತ್ರ ನಡೆಯಲ್ಲ. ಒಳ್ಳೇದೇ ಆಯ್ತು, ಹಳೇ ಹಳಿಯ ಗಾಡಿ ಹತ್ತಿದೆವು.

ಕೌಬ್ ಅನ್ನೋ ಊರ ಹತ್ತಿರ ನದಿ ಮಧ್ಯದಲ್ಲಿ ಹಡಗಿನ ಥರ ನಿಂತಿರೋ ಕೋಟೆ ಇದೆ. ನಾನು ಅದನ್ನ ತೋರಿಸ್ತಿದ್ದರೆ ಅಮ್ಮ ನೋಡ್ತಿದ್ದಿದ್ದು ಪಕ್ಕದಲ್ಲಿ ಹೋಗ್ತಿದ್ದ ಸರಕು ದೋಣಿಯನ್ನ. "ಇಲ್ನೋಡೋ, ದೋಣಿ ಮೇಲೆ ಕಾರು ನಿಲ್ಸಿದಾರೆ! ಕಿಟಕಿಗೆ ಪರದೆ, ಹೂವಿನ ಕುಂಡ... ಸಂಸಾರಾನೇ ಇದೆಯಲ್ಲೋ ಅದ್ರಲ್ಲಿ!" ನಿಜ. ದೋಣಿ ನಡೆಸೋ ಎಷ್ಟೋ ಜನ ಅದರಲ್ಲೇ ವಾಸ ಮಾಡ್ತಾರೆ. ದಡ ಸಿಕ್ಕಾಗ ಕಾರನ್ನ ಕ್ರೇನಲ್ಲಿ ಇಳಿಸಿಕೊಂಡು ಊರೊಳಗೆ ಹೋಗಿಬರ್ತಾರೆ. ಇಷ್ಟು ವರ್ಷದಲ್ಲಿ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಹೇಳಿದಳು, "ನಿಮ್ಮಪ್ಪ ಇದ್ದಿದ್ರೆ ದೋಣಿ ಎಣಿಸ್ತಿದ್ರು."

ನಿಧಾನಕ್ಕೆ ತಿರುಗಾಡಿ ಅಂತ ಉಪದೇಶ ಮಾಡೋದು ಸುಲಭ, ಗೊತ್ತು. ರಜೆ ಸಿಗಲ್ಲ, ವೀಸಾ, ಟಿಕೆಟ್ಟು ಅಂತ ಲಕ್ಷಗಟ್ಟಲೆ ಖರ್ಚು. ಜೀವಮಾನದಲ್ಲಿ ಒಂದೇ ಸಲ ಬರೋರಿಗೆ ಪ್ಯಾರಿಸ್ ಬೇಡ ಅನ್ನೋಕೆ ನಾನ್ಯಾರು? ಆದ್ರೆ ನನಗನ್ನಿಸೋದು ಇಷ್ಟು: ಅಪ್ಪ ಅಮ್ಮ ಇಷ್ಟು ದೂರ ಬರೋದು ಗೋಪುರ ನೋಡೋಕಲ್ಲ, ನಾವು ಹೇಗಿದ್ದೀವಿ ಅಂತ ನೋಡೋಕೆ. ಹಾಲು ಎಲ್ಲಿ ತರ್ತೀವಿ, ಸಂಜೆ ಎಷ್ಟೊತ್ತಿಗೆ ಮನೆಗೆ ಬರ್ತೀವಿ, ಪಕ್ಕದ ಮನೆಯವರು ಮಾತಾಡಿಸ್ತಾರಾ ಅಂತ. ಅದನ್ನ ತೋರಿಸೋಕೆ ಎಂಟು ಊರು ಬೇಕಾಗಿಲ್ಲ. ಪಟ್ಟಿಯಲ್ಲಿ ಎರಡು ಊರು ಹೊಡೆದುಹಾಕಿ, ಒಂದೆರಡು ಮಧ್ಯಾಹ್ನ ಖಾಲಿ ಬಿಟ್ಟರೆ ಸಾಕು. ನನಗೆ ಇದು ತಡವಾಗಿ ಹೊಳೀತು, ಅಷ್ಟೇ.

ನಿಮ್ಮ ಮನೆಯವರು ಬಂದಾಗ ನೀವು ಏನು ಮಾಡಿದ್ರಿ? ಓಡಿಸಿದ್ರಾ, ಕೂರಿಸಿದ್ರಾ?