ಖುಲಾಸೆಯಾದರೆ ಕೇಸೇ ಸುಳ್ಳೆ?

ಹಲ್ಲೆ ಕೇಸು ಖುಲಾಸೆಯಾಯಿತೆಂದರೆ ದೂರೇ ಸುಳ್ಳು ಎಂಬ ವಾದ ಲೇಖನವೊಂದರಲ್ಲಿ ಅಚ್ಚಾಗಿದೆ. ಬರೆದವರು ಮಂಗಳೂರನ್ನು ಮರೆತಂತಿದೆ.

2009ರ ಜನವರಿ 24ರಂದು ಅಲ್ಲಿನ ಪಬ್ಬೊಂದರಲ್ಲಿ ಯುವತಿಯರನ್ನು ಎಳೆದಾಡಿ ಹೊಡೆದದ್ದನ್ನು ಟಿ.ವಿ.ಯಲ್ಲಿ ದೇಶವೇ ನೋಡಿತು. 2018ರ ಮಾರ್ಚ್‌ನಲ್ಲಿ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಸೇರಿದಂತೆ ಆರೋಪಿಗಳು ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು. ಹಾಗಾದರೆ ಏಟೇ ಬಿದ್ದಿರಲಿಲ್ಲವೆ? ಇಂಥವರೇ ಹೊಡೆದರೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಬೇಕಾದ್ದು ಪ್ರಾಸಿಕ್ಯೂಷನ್. ದೃಶ್ಯ ಟಿ.ವಿ.ಯಲ್ಲಿ ಬಂದರೆ ಸಾಲದು. ಆಗಿನ ಸಾಕ್ಷ್ಯ ಕಾಯ್ದೆಯ 65-ಬಿ ಪ್ರಮಾಣಪತ್ರದೊಂದಿಗೆ ಕೋರ್ಟಿಗೆ ಬರಬೇಕು. ಗುರುತಿಸುವವರು ಕಟಕಟೆ ಹತ್ತಬೇಕು, ಅದೂ ಅಷ್ಟು ವರ್ಷಗಳ ಮೇಲೆ!

ಇನ್ನು ಉತ್ತರ ಕನ್ನಡದ ಜೋಯಿಡಾದ ಅಣಶಿಯಂಥ ಹಳ್ಳಿಯಲ್ಲಿ ಇಂಥದು ನಡೆದರೆ ಕ್ಯಾಮೆರಾ ಎಲ್ಲಿಯದು? ನೋಡಿದವನು ಪಕ್ಕದ ಮನೆಯವನು; ನಾಳೆಯೂ ಅದೇ ದಾರಿಯಲ್ಲಿ ಓಡಾಡಬೇಕಾದವನು. ಅವನು ಪ್ರತಿಕೂಲ ಸಾಕ್ಷಿಯಾದರೆ, ದೂರುದಾರನನ್ನು ಸುಳ್ಳುಗಾರ ಎನ್ನುವ ಮೊದಲು ಲೇಖಕರು ತನಿಖಾಧಿಕಾರಿಯ ಕಡತ ಬಿಚ್ಚಿ ನೋಡಲಿ.