ಕನ್ನಡಿ ಕಪಾಟು ಕೀಳುವ ಮುನ್ನ...

"ಸಾಬ್, ಯೇ ಪುರಾನಾ ಫ್ಯಾಶನ್ ಹೈ, ನಿಕಾಲ್ ಡಾಲೋ!" ಗ್ರಾಂಟ್ ರೋಡಿನ ನಮ್ಮ ಮನೆಯ ಕನ್ನಡಿ ಬಾಗಿಲಿನ ಸ್ಲೈಡಿಂಗ್ ಕಪಾಟು ನೋಡಿ ಕಂಟ್ರಾಕ್ಟರ್ ಹೇಳಿದ್ದು. ಮನೆಯವಳೂ ತಲೆಯಾಡಿಸಿದಳು. ನನಗೆ ಸಿಟ್ಟೇ ಬಂತು ಮಾರಾಯ್ರೇ.

ಹೊರಕ್ಕೆ ತೆರೆಯುವ ಬಾಗಿಲಾದರೆ ಮಂಚಕ್ಕೆ ಬಡಿಯುವಷ್ಟು ಕೋಣೆ ನಮ್ಮದು. ಇರುವ ಒಂದು ಕಿಟಕಿಯ ಬೆಳಕನ್ನು ಎರಡಾಗಿಸುವುದು ಈ ಕನ್ನಡಿಯೇ. ಬಾಗಿಲು ತೊಡರುವುದಕ್ಕೆ ಕಾರಣ ಕನ್ನಡಿಯಲ್ಲ, ಹಳಿಯ ಕಸ, ಸವೆದ ಗಾಲಿ. ಅಂಚಿನ ಕಪ್ಪು ತೇವಕ್ಕೆ ಹಿಂಬದಿಯ ಲೇಪ ಹೋದದ್ದು. ಒರೆಸಿದರೆ ಹೋಗದು, ಮರದ ಪಟ್ಟಿ ಹೊಡೆದು ಮುಚ್ಚಿ. ಹಳತೆನಿಸಿದರೆ ಫ್ರಾಸ್ಟೆಡ್ ಫಿಲ್ಮ್ ಅಂಟಿಸಿ, ಚೌಕಟ್ಟಿಗೆ ಪೇಂಟ್ ಬಳಿಯಿರಿ. ಮುಗಿಯಿತಲ್ಲ?

ಪಕ್ಕದ ಚೋರ್ ಬಜಾರಿನಲ್ಲಿ ಮಸುಕಾದ ಹಳೇ ಕನ್ನಡಿಗೆ ಕಾರಿನಲ್ಲಿ ಬಂದವರು ಚೌಕಾಸಿ ಮಾಡುತ್ತಾರೆ. ನಮ್ಮವರೋ, ಗಟ್ಟಿ ಕಪಾಟು ಕೀಳಲು ಪರ್ಸನಲ್ ಲೋನ್ ಕೇಳಿಕೊಂಡು ನನ್ನ ಟೇಬಲ್ಲಿಗೇ ಬರುತ್ತಾರೆ! ಕಂತು ತೀರುವ ಮೊದಲೇ ಆ ಲ್ಯಾಮಿನೇಟೂ 'ಪುರಾನಾ' ಆಗಿರುತ್ತದೆ.

ಭಾನುವಾರ ನಾನು ಗಾಲಿ ತರಲು ಹೊರಟಿದ್ದೇನೆ. ಮನೆಯವಳು ಇನ್ನೂ ಮಾತು ಬಿಟ್ಟಿದ್ದಾಳೆ.