ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ!



ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಜೇಬಿನಲ್ಲಿ ಮೊದಲ ಸಂಬಳ ಇದೆ. ಅದನ್ನು ಕೀಳಲು ಇಂದು ಯಾರೂ ಚಾಕು ತೋರಿಸಬೇಕಿಲ್ಲ. ಒಂದು ಚೆಂದದ ಹೆಸರಿಟ್ಟರೆ ಸಾಕು!

ನಾನು ಅಚ್ಚುಕೂಟ ನಡೆಸುವವನು. ಕರಪತ್ರ ಮಾಡಿಸಲು ಬರುವ ಗಿರಾಕಿ, "ಹೆಸರು ದಪ್ಪಕ್ಷರದಲ್ಲಿರಲಿ, ಷರತ್ತು ಸಣ್ಣಕ್ಷರದಲ್ಲಿರಲಿ" ಎನ್ನುತ್ತಾನೆ. ಯಾಕೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಜನ ದಪ್ಪಕ್ಷರ ಓದಿ ದುಡ್ಡು ಬಿಚ್ಚುತ್ತಾರೆ. ಸಣ್ಣಕ್ಷರ ಓದುವುದು ಕಳೆದುಕೊಂಡ ಮೇಲೆ!

'ಬಿಟ್‌ಕಾಯಿನ್' ಎಂಬ ದಪ್ಪಕ್ಷರವನ್ನೇ ನೋಡಿ. 2008ರಲ್ಲಿ ಸತೋಶಿ ನಕಮೊಟೊ ಎಂಬ ಗುಪ್ತನಾಮದಲ್ಲಿ ಇದರ ಯೋಜನೆ ಪ್ರಕಟವಾಯಿತು. ಸಾವಿರಾರು ಕಂಪ್ಯೂಟರುಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕ ಅದು. ಅದರಲ್ಲಿ ಕಾಯಿನ್ ಎಲ್ಲಿದೆ? ಟಂಕಿಸಿದವರು ಯಾರು? ಆದರೂ ಪತ್ರಿಕೆಗಳು ಅದರ ಸುದ್ದಿಯ ಪಕ್ಕ ಹೊಳೆಯುವ ಚಿನ್ನದ ಬಿಲ್ಲೆಯ ಚಿತ್ರ ಹಾಕುತ್ತವೆ! ಹೊಸ ಕಾಯಿನ್ ಹುಟ್ಟಿಸುವ ಕೆಲಸಕ್ಕೆ 'ಮೈನಿಂಗ್', ಅಂದರೆ ಗಣಿಗಾರಿಕೆ ಎಂದು ಹೆಸರು. ಗಣಿ ಎಂದರೇನೆಂದು ನಮಗೆ ಹೇಳಬೇಕೇ? 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದರು. ಇಲ್ಲಿ ಇಳಿಯುವವರೂ ಇಲ್ಲ, ಅದಿರೂ ಇಲ್ಲ. ಯಂತ್ರಗಳು ವಿದ್ಯುತ್ ತಿಂದು ಲೆಕ್ಕ ಬಿಡಿಸುತ್ತವೆ, ಅಷ್ಟೆ.

ಕನ್ನಡದಲ್ಲಂತೂ ಅಪಾಯ ಎರಡು ಪಟ್ಟು. 'ಕಾಯಿನ್' ಅನ್ನು ನಾವು 'ನಾಣ್ಯ' ಎಂದು ಬರೆಯುತ್ತೇವೆ. ನಮ್ಮಲ್ಲಿ ನಾಣ್ಯಸ್ಥ ಎಂದರೆ ನಂಬಿಕಸ್ಥ! ಹೊನ್ನು ಎಂದರೆ ಚಿನ್ನವೂ ಹೌದು, ಚಿನ್ನದ ನಾಣ್ಯವೂ ಹೌದು. ಹಿರಿಯರು ಇಟ್ಟ ಹೆಸರಿನೊಳಗೇ ಸರಕಿತ್ತು. ಆ ಮಾತಿನ ಮರ್ಯಾದೆಯನ್ನು ನಾವೇ ಪುಕ್ಕಟೆ ದಾನ ಮಾಡುತ್ತಿದ್ದೇವೆ.

ಹೆಸರು ಮಾಡುವ ಅನಾಹುತಕ್ಕೆ ಸಾಕ್ಷಿ ಬೇಕೇ? 'ಟೆರ್ರಾ ಯುಎಸ್‌ಡಿ' ನೋಡಿ. ಹೆಸರಿನಲ್ಲೇ ಅಮೆರಿಕದ ಡಾಲರ್! ಜೊತೆಗೆ 'ಸ್ಟೇಬಲ್‌ಕಾಯಿನ್', ಅಂದರೆ ಸ್ಥಿರ ನಾಣ್ಯ ಎಂಬ ಬಿರುದು! ಒಂದಕ್ಕೊಂದು ಡಾಲರ್ ತಿಜೋರಿಯಲ್ಲಿತ್ತೇ? ಇಲ್ಲ. 'ಲೂನಾ' ಎಂಬ ಇನ್ನೊಂದು ಟೋಕನ್ ಜೊತೆ ಅದಲುಬದಲು ಮಾಡುವ ಸೂತ್ರವೇ ಅದರ ಮುಖ್ಯ ಆಧಾರ. ಮೇಲೆ ವರ್ಷಕ್ಕೆ ಶೇ. 20ರ ಹತ್ತಿರ ಬಡ್ಡಿಯ ಆಮಿಷ. 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಎರಡೂ ಕುಸಿದವು. ಸುಮಾರು 4,000 ಕೋಟಿ ಡಾಲರ್ ಮೌಲ್ಯ ಆವಿಯಾಯಿತು. ಸ್ಥಿರವಾಗಿ ಉಳಿದದ್ದು ಬಿರುದು ಮಾತ್ರ!

ನಮ್ಮ ತೆರಿಗೆ ಕಾನೂನು ಹೆಸರಿಗೆ ಮರುಳಾಗಲಿಲ್ಲ. 2022ರ ಬಜೆಟ್ ಇವುಗಳನ್ನು ನಾಣ್ಯ ಎನ್ನಲಿಲ್ಲ, 'ವರ್ಚುವಲ್ ಡಿಜಿಟಲ್ ಅಸೆಟ್' ಎಂದಿತು. ಲಾಭಕ್ಕೆ ಶೇ. 30 ತೆರಿಗೆ ಹಾಕಿತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯೇ ಬೇರೆ. 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಅದರ ಚಿಲ್ಲರೆ ಬಳಕೆಯ ಪ್ರಯೋಗ ಶುರುವಾಯಿತು. ಜೇಬಿನ ನೋಟಿಗೆ ಹೊಣೆ ಹೊತ್ತ ರಿಸರ್ವ್ ಬ್ಯಾಂಕೇ ಅದಕ್ಕೂ ಹೊಣೆ. ಹೊಣೆಯಿರುವುದಕ್ಕೂ ಇಲ್ಲದ್ದಕ್ಕೂ 'ಡಿಜಿಟಲ್ ಕರೆನ್ಸಿ' ಎಂಬ ಒಂದೇ ಅಂಗಿ ತೊಡಿಸಿದರೆ ಲಾಭ ಯಾರಿಗೆ? ಯೋಚಿಸಿ!

ಬಿಟ್‌ಕಾಯಿನ್‌ನಲ್ಲಿ ದುಡ್ಡು ಮಾಡಿದವರಿಲ್ಲವೇ ಎನ್ನುತ್ತೀರಾ? ಇದ್ದಾರೆ. ಕುದುರೆ ರೇಸಿನಲ್ಲೂ ಇದ್ದಾರೆ. ಆದರೆ ರೇಸಿನ ಟಿಕೆಟನ್ನು ಯಾರೂ ನಾಣ್ಯ ಎನ್ನುವುದಿಲ್ಲ!

ಕನ್ನಡ ಪತ್ರಿಕೆಗಳಿಗೆ, ಟಿವಿಯವರಿಗೆ ನಮ್ಮ ಆಗ್ರಹ ಇಷ್ಟೇ: ನಾಣ್ಯ ಎನ್ನಬೇಡಿ, ಟೋಕನ್ ಎನ್ನಿ. ದರ್ಶಿನಿಯಲ್ಲಿ ಕಾಫಿಗೆ ಟೋಕನ್ ಕೊಂಡವನು ಕೌಂಟರ್ ಮುಚ್ಚಿದರೆ ಅದು ತುಂಡು ಕಾಗದ ಎಂದು ಬಲ್ಲ. ಆ ಬುದ್ಧಿ ಮೊಬೈಲ್ ಮುಂದೆಯೂ ಇರಲಿ.

ಗೆಳೆಯರೇ, ಹಣ ಹಾಕುವ ಮೊದಲು ಹೆಸರನ್ನು ಅಳಿಸಿ ನೋಡಿ. ಹೊರಡಿಸಿದವರು ಯಾರು? ಹಿಂದೆ ಏನಿದೆ? ಮುಳುಗಿದರೆ ಯಾರ ಬಾಗಿಲು ತಟ್ಟಬೇಕು? ಕನ್ನಡದಲ್ಲಿ ಉತ್ತರ ಸಿಗುವವರೆಗೆ ಜೇಬಿನ ಮೇಲಿನ ಕೈ ತೆಗೆಯಬೇಡಿ!